ದನದ ಲಸಿಕೆ ನಮ್ಮ ಕುರಿಗೆ ಯಾಕೆ ಹಾಕಲ್ಲ?

ಕುರಿ-ಮೇಕೆ ಸಾಕುವವರ ಪ್ರಶ್ನೆಗಳಿಗೆ ನಿವೃತ್ತ ಪಶುವೈದ್ಯೆಯೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಕಂದು ರೋಗದ ಬಗ್ಗೆಯೇ ಇವೆ. ಕಂದು ಹಾಕುವುದು ಅಂದರೆ ದಿನ ತುಂಬುವ ಮೊದಲೇ ಗಬ್ಬ ಬೀಳುವುದು. ಆಸ್ಪತ್ರೆಯ ಚೀಟಿಯಲ್ಲಿ ಬ್ರುಸೆಲ್ಲೋಸಿಸ್ ಅಂತ ಬರೆಯುವುದು ಈ ರೋಗವನ್ನೇ. ಹಾಗಾಗಿ ಜಂತು, ಮೇವು, ಗೊರಸಿನ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದಾರೆ. ಅದಕ್ಕೆ ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಡಾಕ್ಟ್ರಮ್ಮನವರಿಗೆ ನಮಸ್ಕಾರ. ನಮ್ಮ ರೊಪ್ಪದಲ್ಲಿ ಅರವತ್ತು ಕುರಿ, ಹತ್ತು ಮೇಕೆ ಇವೆ. ದೀಪಾವಳಿ ಆದಮೇಲೆ ಏಳು ಕುರಿ, ಎರಡು ಮೇಕೆ ಕಂದು ಹಾಕಿವೆ. ಎಲ್ಲವೂ ಹೆಚ್ಚುಕಡಿಮೆ ನಾಲ್ಕು ತಿಂಗಳ ಗಬ್ಬ. ಹೋದ ವಾರ ಪಶು ಆಸ್ಪತ್ರೆಯವರು ಊರಿಗೆ ಬಂದು ಹಸು, ಎಮ್ಮೆಯ ಹೆಣ್ಣುಕರುಗಳಿಗೆ ಕಂದು ರೋಗದ ಲಸಿಕೆ ಹಾಕಿದರು. ಬಾಟಲಿಯಲ್ಲಿ ಇನ್ನೂ ಉಳಿದಿತ್ತು. ನಮ್ಮ ಕುರಿಗೂ ಹಾಕ್ರಪ್ಪಾ ಅಂದರೆ ಆಗಲ್ಲ ಅಂದುಬಿಟ್ಟರು. ಉಳಿದದ್ದನ್ನು ಚೆಲ್ಲಿದರೂ ಚೆಲ್ಲುತ್ತಾರೆ, ನಮಗೆ ಹಾಕಲ್ಲ. ಇದು ಯಾವ ನ್ಯಾಯ?
– ಹಿರಿಯೂರು ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ ಅಣ್ಣಾ. ಒಂಬತ್ತು ಮರಿ ಹೋದ ಮನೆಯಲ್ಲಿ ಯಾರಿಗೆ ತಾನೇ ತಾಳ್ಮೆ ಇರುತ್ತದೆ? ಆದರೆ ಲಸಿಕೆ ಹಾಕಲು ಬಂದವರು ಮಾಡಿದ್ದು ಸರಿ. ನಿಮ್ಮ ಮಾತಿಗೆ ಕಟ್ಟುಬಿದ್ದು ಅವರು ಹಾಕಿಬಿಟ್ಟಿದ್ದರೆ, ಉಳಿದ ಗಬ್ಬದ ಕುರಿಗಳೂ ಕಂದು ಹಾಕುವ ಅಪಾಯವಿತ್ತು.

ಕಾರಣ ಹೇಳುತ್ತೇನೆ. ಅವರು ತಂದಿದ್ದು ಎಸ್-19 ಅನ್ನುವ ಲಸಿಕೆ. ಅದರೊಳಗೆ ಇರುವುದು ಸತ್ತ ರೋಗಾಣು ಅಲ್ಲ, ಜೀವಂತ ರೋಗಾಣು. 1923ರಲ್ಲಿ ಅಮೆರಿಕದಲ್ಲಿ ಹಸುವಿನ ಹಾಲಿನಿಂದ ತೆಗೆದ ಕಂದು ರೋಗದ ಒಂದು ತಳಿಯನ್ನು ಪ್ರಯೋಗಾಲಯದಲ್ಲಿ ವರ್ಷಕ್ಕೂ ಮೇಲೆ ಹಾಗೇ ಬಿಟ್ಟಿದ್ದರಂತೆ. ಅಷ್ಟರಲ್ಲಿ ಅದು ತನ್ನ ಕಸುವು ಕಳೆದುಕೊಂಡಿತ್ತು. ರೋಗ ತರುವಷ್ಟು ಶಕ್ತಿ ಇಲ್ಲ, ರೋಗನಿರೋಧಕ ಶಕ್ತಿ ಕೊಡುವಷ್ಟು ಇದೆ. ಆದರೆ ಈ ಮಾತು ಎಳೆಯ ಕರುವಿಗೆ ಮಾತ್ರ. ಗಬ್ಬದ ಹಸುವಿಗೆ ಚುಚ್ಚಿದರೆ ಅದು ನೇರ ಗರ್ಭಕೋಶದ ದಾರಿ ಹಿಡಿಯಬಹುದು. ಗಂಡುಕರುವಿಗೆ ಚುಚ್ಚಿದರೆ ಬೀಜಕ್ಕೆ ಬಾವು ಬರಬಹುದು. ಅದಕ್ಕೇ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಮಾತ್ರ, ಅದೂ ಜನ್ಮಕ್ಕೆ ಒಂದೇ ಸಲ ಹಾಕುವುದು.

2019ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಎರಡು ರೋಗಗಳನ್ನು ಹಿಡಿದುಕೊಂಡರು. ಒಂದು ಕಾಲುಬಾಯಿ ಬೇನೆ, ಇನ್ನೊಂದು ಕಂದು ರೋಗ. ಕಾಲುಬಾಯಿ ಬೇನೆಗೆ ಕುರಿ-ಮೇಕೆಯನ್ನೂ ಸೇರಿಸಿದರು. ಕಂದು ರೋಗಕ್ಕೆ ಹಸು, ಎಮ್ಮೆಯ ಹೆಣ್ಣುಕರು ಮಾತ್ರ. ನಿಮ್ಮ ಊರಿಗೆ ಬಂದ ಬಾಟಲಿ ಆ ಲೆಕ್ಕದ್ದು.

ಹಾಗಾದರೆ ಕುರಿ-ಮೇಕೆಗೆ ಲಸಿಕೆಯೇ ಇಲ್ಲವಾ? ಇದೆ. ರೆವ್-1 ಅಂತ ಅದರ ಹೆಸರು. 1957ರಲ್ಲಿ ಎಲ್ಬರ್ಗ್ ಮತ್ತು ಫಾನ್ಸ್ ಅನ್ನುವ ಇಬ್ಬರು ವಿಜ್ಞಾನಿಗಳು ಅದನ್ನು ರೂಪಿಸಿದರು. ಕುರಿ-ಮೇಕೆಯಲ್ಲಿ ಕಂದು ಹಾಕಿಸುವ ಮುಖ್ಯ ರೋಗಾಣು ಬ್ರುಸೆಲ್ಲಾ ಮೆಲಿಟೆನ್ಸಿಸ್. ದನದ್ದು ಬ್ರುಸೆಲ್ಲಾ ಅಬಾರ್ಟಸ್. ಎರಡೂ ದಾಯಾದಿಗಳು, ಆದರೆ ಒಂದೇ ಅಲ್ಲ. ರೆವ್-1 ತಯಾರಾಗಿದ್ದು ಮೆಲಿಟೆನ್ಸಿಸ್‌ನಿಂದಲೇ. ಮೆಡಿಟರೇನಿಯನ್ ಸುತ್ತಲಿನ ದೇಶಗಳಲ್ಲಿ, ಅರಬ್ ನಾಡುಗಳಲ್ಲಿ, ಮಂಗೋಲಿಯಾದಲ್ಲಿ ಕುರಿ-ಮೇಕೆಗೆ ಇದನ್ನೇ ಹಾಕುತ್ತಾ ಬಂದಿದ್ದಾರೆ. ಒಮ್ಮೆ ಸರಿಯಾಗಿ ಹಾಕಿದರೆ ವರ್ಷಗಟ್ಟಲೆ ಕಾಪಾಡುತ್ತದೆ. ನಮ್ಮ ಪಶು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಮಾತ್ರ ಹಿರೇಬೇನೆಯ ಲಸಿಕೆ ಇರುತ್ತದೆ, ಕರುಳುಬೇನೆಯದು ಇರುತ್ತದೆ, ಇದು ಇರುವುದಿಲ್ಲ. ಕುರಿಗೆ ಕಂದು ರೋಗದ ಲಸಿಕೆ ಹಾಕುವ ಸರ್ಕಾರಿ ಕಾರ್ಯಕ್ರಮ ನಮ್ಮಲ್ಲಿಲ್ಲ.

ಇಲ್ಲಿ ನನ್ನದೊಂದು ಮಾತು ಸೇರಿಸಿಬಿಡುತ್ತೇನೆ. ಮನುಷ್ಯರಿಗೆ ಅತಿ ಹೆಚ್ಚು ಕಾಟ ಕೊಡುವುದು ಈ ಕುರಿ-ಮೇಕೆಯ ಜಾತಿಯ ರೋಗಾಣುವೇ. ಹೀಗಿರುವಾಗ ದನಕ್ಕೆ ಲಸಿಕೆ, ಕುರಿಗೆ ಇಲ್ಲ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಒಂದೇ ಬೀಳಿನಲ್ಲಿ ಎರಡೂ ಮೇಯುತ್ತವೆ, ಒಂದೇ ಕಟ್ಟೆಯಲ್ಲಿ ನೀರು ಕುಡಿಯುತ್ತವೆ. ಕುರಿಯದು ದನಕ್ಕೂ ಹತ್ತುತ್ತದೆ. ನೌಕರಿಯಲ್ಲಿದ್ದಾಗ ಸಭೆಗಳಲ್ಲಿ ಇದನ್ನೇ ಹೇಳುತ್ತಿದ್ದೆ. ಈಗ ಇಲ್ಲಿ ಬರೆಯುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಆದರೆ ಲಸಿಕೆ ನಾಳೆಯೇ ಬಂದರೂ ನಿಮ್ಮ ರೊಪ್ಪಕ್ಕೆ ಈಗ ಅದು ಮೊದಲ ಕೆಲಸ ಅಲ್ಲ. ನಿಮಗೆ ಬಂದಿರುವುದು ಕಂದು ರೋಗವೇ ಅಂತ ಯಾರು ಹೇಳಿದರು? ಪತ್ರದಲ್ಲಿ ರಕ್ತ ಪರೀಕ್ಷೆಯ ಸುದ್ದಿಯೇ ಇಲ್ಲ. ಗಬ್ಬದ ಕೊನೆಯ ಎರಡು ತಿಂಗಳಲ್ಲಿ ಸಾಲಾಗಿ ಕಂದು ಹಾಕಿದರೆ ಇದರ ಮೇಲೆ ಅನುಮಾನ ಪಡಬೇಕು, ನಿಜ. ಆದರೆ ಕ್ಲಾಮಿಡಿಯಾ ಅನ್ನುವ ಸೋಂಕೂ ಹೀಗೇ ಮಾಡುತ್ತದೆ. ಕ್ಯೂ ಜ್ವರವೂ ಮಾಡುತ್ತದೆ. ಬೆಕ್ಕಿನ ಹಿಕ್ಕೆಯಿಂದ ಬರುವ ಟಾಕ್ಸೋಪ್ಲಾಸ್ಮಾ, ಸಾಲ್ಮೊನೆಲ್ಲಾ, ಹಿರೇಬೇನೆ, ಎಲ್ಲವೂ ಗಬ್ಬ ಬೀಳಿಸುತ್ತವೆ. ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳುವವರನ್ನು ನಂಬಬೇಡಿ. ನಾನೂ ಹೇಳಲಾರೆ.

ಪರೀಕ್ಷೆ ಕಷ್ಟದ್ದೇನಲ್ಲ. ಕತ್ತಿನ ರಕ್ತನಾಳದಿಂದ ನಾಲ್ಕೈದು ಮಿಲಿ ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ತಿಳಿ ಸೀರಂ ತೆಗೆದುಕೊಳ್ಳುತ್ತೇವೆ. ಗಾಜಿನ ಪಟ್ಟಿಯ ಮೇಲೆ ಅದರ ಹನಿ, ಪಕ್ಕದಲ್ಲಿ ರೋಸ್ ಬೆಂಗಾಲ್ ಅನ್ನುವ ಗುಲಾಬಿ ದ್ರಾವಣದ ಹನಿ. ಕುರಿ-ಮೇಕೆಯದಾದರೆ ಸೀರಂ ಸ್ವಲ್ಪ ಜಾಸ್ತಿ ಹಾಕುತ್ತೇವೆ, ಇಲ್ಲದಿದ್ದರೆ ಕೆಲವು ರೋಗದ ಪ್ರಾಣಿಗಳು ಕಣ್ತಪ್ಪಿಸಿಕೊಳ್ಳುತ್ತವೆ. ಹಲ್ಲುಕಡ್ಡಿಯಲ್ಲಿ ಕಲಸಿ, ಪಟ್ಟಿಯನ್ನು ನಾಲ್ಕು ನಿಮಿಷ ಮೆಲ್ಲಗೆ ಆ ಕಡೆ ಈ ಕಡೆ ಓಲಾಡಿಸಬೇಕು. ರೋಗ ಇಲ್ಲದಿದ್ದರೆ ಗುಲಾಬಿ ಬಣ್ಣ ನುಣ್ಣಗೆ ಹಾಗೇ ಇರುತ್ತದೆ. ಇದ್ದರೆ ಒಡೆದ ಹಾಲಿನ ಹಾಗೆ ಸಣ್ಣ ಸಣ್ಣ ಗಡ್ಡೆ ಕಟ್ಟುತ್ತದೆ. ಗಡ್ಡೆ ಕಟ್ಟಿದ್ದನ್ನು ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತೇವೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ. ಯಲಹಂಕದಲ್ಲಿ ಪಶು ರೋಗಗಳ ಅಧ್ಯಯನ ಮಾಡುವ ನಿವೇದಿ ಸಂಸ್ಥೆ ಇದೆ, ಅಲ್ಲಿ ಈ ರೋಗದ ಮೇಲೇ ಬಹಳ ಕೆಲಸ ನಡೆದಿದೆ. ಸ್ಯಾಂಪಲ್ಲನ್ನು ನಿಮ್ಮ ಪಶುವೈದ್ಯರ ಮೂಲಕವೇ ಕಳಿಸಿ. ಕಂದು ಹಾಕಿದ ದಿನವೇ ತೆಗೆದ ರಕ್ತದಲ್ಲಿ ಕೆಲವೊಮ್ಮೆ ಏನೂ ಕಾಣುವುದಿಲ್ಲ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆಸಿ. ಬರೀ ಕಂದು ಹಾಕಿದವುಗಳದ್ದಲ್ಲ, ಟಗರು, ಹೋತದ್ದೂ ಸೇರಿಸಿ ಇಡೀ ಮಂದೆಯದ್ದು ತೆಗೆಸಿದರೆ ಒಳ್ಳೆಯದು.

ಇನ್ನೊಂದು ಕುರಿ ಕಂದು ಹಾಕಿದರೆ, ಬಿದ್ದ ಮರಿ ಮತ್ತು ಕಸವನ್ನು (ಮರಿಯ ಜೊತೆ ಬೀಳುವ ಮಾಸು) ಎರಡು ಪ್ಲಾಸ್ಟಿಕ್ ಚೀಲದಲ್ಲಿ ಒಂದರೊಳಗೊಂದು ಕಟ್ಟಿ, ಐಸ್ ಇಟ್ಟು ಆಸ್ಪತ್ರೆಗೆ ಕೊಡಿ. ಕೆಡಬಾರದು ಅಂತ ಫಾರ್ಮಲಿನ್ ಹಾಕುವವರಿದ್ದಾರೆ. ಹಾಕಿದರೆ ರೋಗಾಣು ಸತ್ತುಹೋಗಿ ಪ್ರಯೋಗಾಲಯದಲ್ಲಿ ಬೆಳೆಯುವುದೇ ಇಲ್ಲ.

ಈಗ ಬಹಳ ಮುಖ್ಯವಾದ ವಿಷಯ. ಕಂದು ರೋಗ ಹರಡುವುದು ಆ ಕಸದಿಂದ, ಅದರ ಜೊತೆ ಬೀಳುವ ನೀರಿನಿಂದ. ಒಂದು ಕುರಿಯ ಕಸದಲ್ಲಿ ಇರುವ ರೋಗಾಣು ಇಡೀ ಮಂದೆಗೆ ಸಾಕು ಸಾಕಾಗಿ ಮಿಗುತ್ತದೆ. ಉಳಿದ ಕುರಿಗಳು ಬಂದು ಮೂಸುತ್ತವೆ, ನೆಕ್ಕುತ್ತವೆ. ನಾಯಿ ಎಳೆದುಕೊಂಡು ಹೋಗಿ ಪಕ್ಕದ ರೊಪ್ಪದ ಮುಂದೆ ಹಾಕುತ್ತದೆ. ಕಂದು ಹಾಕಿದ ಮೇಲೂ ವಾರಗಟ್ಟಲೆ, ಮೇಕೆಯಲ್ಲಿ ಎರಡು ಮೂರು ತಿಂಗಳು, ಕೆಳಗಿನಿಂದ ಸೋರುತ್ತಿರುತ್ತದೆ. ನೆರಳು, ತೇವ ಇರುವ ಮಣ್ಣಿನಲ್ಲಿ ರೋಗಾಣು ತಿಂಗಳುಗಟ್ಟಲೆ ಬದುಕುತ್ತದೆ. ಸುಡುಬಿಸಿಲಿಗೆ ಬೇಗ ಸಾಯುತ್ತದೆ. ನಮ್ಮ ಚಿತ್ರದುರ್ಗದ ಕಡೆಯ ಬಿಸಿಲಿಗೆ ಬೈಯುವವರು ಈ ಒಂದು ವಿಷಯಕ್ಕೆ ಅದನ್ನು ಹೊಗಳಬಹುದು.

ಹಾಗಾಗಿ ಕಂದು ಹಾಕಿದ ಕುರಿಯನ್ನು ತಕ್ಷಣ ಬೇರೆ ಕಟ್ಟಿ. ರೊಪ್ಪದಿಂದ ದೂರ, ಬಾವಿ, ಕಟ್ಟೆಯಿಂದಲೂ ದೂರ, ನಾಯಿ ಕೆದಕಲಾರದಷ್ಟು ಆಳಕ್ಕೆ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಬಿದ್ದ ಜಾಗದ ಮಣ್ಣನ್ನು ಕೆರೆದು ಅದೇ ಗುಂಡಿಗೆ ಹಾಕಿ, ಮೇಲೆ ಸುಣ್ಣವೋ ಬ್ಲೀಚಿಂಗ್ ಪೌಡರೋ ಹರಡಿ. ಮಂದೆ ಹೊಡೆದುಕೊಂಡು ಮಲೆನಾಡಿನ ಕಡೆ ಹೋಗುವವರು, ಬೇರೆಯವರ ಹೊಲದಲ್ಲಿ ಮಂದೆ ನಿಲ್ಲಿಸಿದಾಗಲೂ ಇಷ್ಟು ಮಾಡಲೇಬೇಕು. ಗೊಬ್ಬರಕ್ಕೆ ಅಂತ ದುಡ್ಡು, ಕಾಳು ಕೊಟ್ಟು ಕರೆದವರ ದನಕ್ಕೆ ರೋಗ ಕೊಟ್ಟು ಬರುವುದು ಬೇಡ.

ಇದನ್ನೆಲ್ಲಾ ಬರಿಗೈಯಲ್ಲಿ ಮಾಡಬೇಡಿ. ಗ್ಲೌಸ್ ಇಲ್ಲದಿದ್ದರೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಮೊಣಕೈವರೆಗೆ ಸುತ್ತಿಕೊಳ್ಳಿ. ಇನ್ನೊಂದು ಅಭ್ಯಾಸ ನಿಮ್ಮ ಕಡೆ ಇದ್ದೇ ಇದೆ, ನಾನೇ ಕಂಡಿದ್ದೇನೆ. ಹುಟ್ಟಿದ ಮರಿ ಉಸಿರಾಡದಿದ್ದರೆ ಅದರ ಮೂಗಿಗೆ ಬಾಯಿಟ್ಟು ಊದುವುದು. ಮರಿ ಬದುಕಲಿ ಅನ್ನುವ ಜೀವ ಅದು, ನನಗೆ ಗೊತ್ತು. ಆದರೆ ಕಂದು ರೋಗದ ಮಂದೆಯಲ್ಲಿ ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಬಟ್ಟೆಯಿಂದ ಮೂಗು ಒರೆಸಿ, ಒಣಹುಲ್ಲಿನ ಕಡ್ಡಿಯಿಂದ ಮೂಗಿನ ಹೊಳ್ಳೆ ಕೆಣಕಿ. ಸೀನಿತು ಅಂದರೆ ಉಸಿರು ಬಂತು. ಮನೆಯಲ್ಲಿ ಬಸುರಿ ಹೆಣ್ಣುಮಕ್ಕಳಿದ್ದರೆ ಮರಿ ಹಾಕುವ ಕಾಲದಲ್ಲಿ ರೊಪ್ಪದ ಕೆಲಸಕ್ಕೆ ಹಚ್ಚಲೇಬೇಡಿ.

ಕಂದು ಹಾಕಿದವುಗಳನ್ನು ಏನು ಮಾಡಬೇಕು? ಪರೀಕ್ಷೆಯಲ್ಲಿ ರೋಗ ಇದೆ ಅಂತ ಬಂದರೆ ಸಾಕಲು ಇಟ್ಟುಕೊಳ್ಳಬೇಡಿ. ಇಲ್ಲೊಂದು ಮೋಸವಿದೆ. ಸಾಮಾನ್ಯವಾಗಿ ಕುರಿ ಒಮ್ಮೆ ಕಂದು ಹಾಕಿ, ಮುಂದಿನ ಸಲ ಚೆಂದದ ಮರಿಯನ್ನೇ ಹಾಕುತ್ತದೆ. ವಾಸಿಯಾಯಿತು ಅಂತ ಖುಷಿಪಡುತ್ತೀರಿ. ಆದರೆ ಆ ಚೆಂದದ ಹೆರಿಗೆಯ ಕಸದಲ್ಲೂ ಹಾಲಿನಲ್ಲೂ ರೋಗಾಣು ಹೋಗುತ್ತಲೇ ಇರುತ್ತದೆ. ಸಾಕುವವರಿಗೆ ಅಂತ ಸಂತೆಯಲ್ಲಿ ಮಾರುವುದಂತೂ ಬೇಡವೇ ಬೇಡ. ನೀವು ಕಳೆದುಕೊಂಡ ಒಂಬತ್ತು ಮರಿಯ ಕಥೆಯನ್ನು ಇನ್ನೊಂದು ಮನೆಗೆ ದಾಟಿಸಿದ ಹಾಗಾಗುತ್ತದೆ. ಮಾಂಸಕ್ಕೆ ಕೊಡುವುದಾದರೆ ಪಶುವೈದ್ಯರನ್ನು ಕೇಳಿ ಕೊಡಿ, ಕಡಿಯುವವರಿಗೆ ವಿಷಯ ತಿಳಿಸಿ. ಚೆನ್ನಾಗಿ ಬೆಂದ ಮಾಂಸದಿಂದ ತೊಂದರೆ ಇಲ್ಲ. ಅಪಾಯ ಇರುವುದು ಗರ್ಭಕೋಶ, ಕೆಚ್ಚಲು ಕೊಯ್ಯುವ ಕೈಗೆ.

ಆಸ್ಪತ್ರೆ ದೂರ ಅನ್ನುವವರು 1962ಕ್ಕೆ ಫೋನ್ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನದವರದು ಅದು.

ಪ್ರಶ್ನೆ: ನನ್ನ ಮೊಮ್ಮಗನಿಗೆ ಎರಡು ವರ್ಷ. ಮೇಕೆ ಹಾಲನ್ನು ಕರೆದ ಬಿಸಿಯಲ್ಲೇ ಕುಡಿಸಿದರೆ ಕೆಮ್ಮು ದಮ್ಮು ಹತ್ತಿರ ಸುಳಿಯಲ್ಲ ಅಂತ ನಮ್ಮತ್ತೆ ಹೇಳುತ್ತಿದ್ದರು. ಸೊಸೆ ಕಾಯಿಸಿಯೇ ಕೊಡಬೇಕು ಅಂತ ಹಟ ಹಿಡಿದಿದ್ದಾಳೆ. ಕಾಯಿಸಿದರೆ ಸತ್ವ ಹೋಗಲ್ವಾ? ನಮ್ಮ ಮೇಕೆಗಳು ಗಟ್ಟಿಮುಟ್ಟಾಗಿವೆ, ಒಂದೂ ಕಂದು ಹಾಕಿಲ್ಲ.
– ಚಿಂತಾಮಣಿ

ಉತ್ತರ: ಅಮ್ಮಾ, ಈ ಜಗಳದಲ್ಲಿ ನಾನು ಸೊಸೆಯ ಕಡೆ. ನಿಮ್ಮ ಮೇಕೆ ಗಟ್ಟಿಮುಟ್ಟಾಗಿವೆ ಅಂದಿರಲ್ಲ, ಅದೇ ಮಾತಿಗೆ ಒಂದು ಹಳೆಯ ಕಥೆ ಹೇಳುತ್ತೇನೆ.

ಮೆಡಿಟರೇನಿಯನ್ ಸಮುದ್ರದಲ್ಲಿ ಮಾಲ್ಟಾ ಅಂತ ಸಣ್ಣ ದ್ವೀಪ. ಆಗ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ಸಿಪಾಯಿಗಳಿಗೆ ಒಂದು ವಿಚಿತ್ರ ಜ್ವರ ಬರುತ್ತಿತ್ತು. ಏರುವುದು, ಇಳಿಯುವುದು, ಮತ್ತೆ ಏರುವುದು. ತಿಂಗಳುಗಟ್ಟಲೆ ಹಾಸಿಗೆ. 1887ರಲ್ಲಿ ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯ ಸತ್ತ ಸಿಪಾಯಿಗಳ ಗುಲ್ಮದಲ್ಲಿ ರೋಗಾಣುವನ್ನು ಕಂಡುಹಿಡಿದ. ರೋಗದ ಈಗಿನ ಹೆಸರು ಅವನಿಂದಲೇ ಬಂದದ್ದು. ಆದರೆ ಅದು ಎಲ್ಲಿಂದ ಬರುತ್ತದೆ ಅನ್ನುವುದು ಇನ್ನೂ ಹದಿನೆಂಟು ವರ್ಷ ಗೊತ್ತಾಗಲಿಲ್ಲ. ಸೊಳ್ಳೆ ಅಂದರು, ಕೊಳಚೆ ಅಂದರು. ಬೀದಿಬೀದಿಯಲ್ಲಿ ಮೇಕೆಗಳನ್ನು ಮನೆಬಾಗಿಲಿಗೇ ಹೊಡೆದುಕೊಂಡು ಬಂದು, ಎದುರಿಗೇ ಹಾಲು ಕರೆದು ಕೊಡುತ್ತಿದ್ದರು. ಅದಕ್ಕಿಂತ ಶುದ್ಧ ಹಾಲು ಬೇಕಾ? ಮೇಕೆಗಳೂ ನಿಮ್ಮವುಗಳ ಹಾಗೆಯೇ ಗಟ್ಟಿಮುಟ್ಟು. 1905ರಲ್ಲಿ ಥೆಮಿಸ್ಟೊಕ್ಲಿಸ್ ಜಮ್ಮಿತ್ ಅನ್ನುವ ಮಾಲ್ಟಾದವರೇ ಆದ ವೈದ್ಯರು ಆ ಮೇಕೆಗಳ ರಕ್ತ ಪರೀಕ್ಷೆ ಮಾಡಿದರು. ರೋಗ ಅಲ್ಲಿತ್ತು.

ಅದೇ ವರ್ಷ ಇನ್ನೊಂದು ಘಟನೆ ನಡೆಯಿತು. ಮಾಲ್ಟಾದ ಒಳ್ಳೆಯ ಹಾಲಿನ ಮೇಕೆಗಳನ್ನು ಜೋಶುವಾ ನಿಕೋಲ್ಸನ್ ಅನ್ನುವ ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಿದರು. ದಾರಿಯುದ್ದಕ್ಕೂ ಹಡಗಿನ ಕೆಲಸದವರಿಗೆ ಹಾಲಿನ ಸುಗ್ಗಿ. ಹಸಿ ಹಾಲು ಕುಡಿದವರಲ್ಲಿ ಬಹಳ ಮಂದಿ ಇದೇ ಜ್ವರದಲ್ಲಿ ಮಲಗಿದರು. 1906ರಲ್ಲಿ ಮಾಲ್ಟಾದ ಸೈನ್ಯಕ್ಕೆ ಮೇಕೆ ಹಾಲು ಕೊಡುವುದನ್ನೇ ನಿಲ್ಲಿಸಿದರು. ಸಿಪಾಯಿಗಳ ಜ್ವರ ಬಹುಬೇಗ ಇಳಿದುಹೋಯಿತು. ಔಷಧಿ ಇಲ್ಲ, ಲಸಿಕೆ ಇಲ್ಲ, ಬರೀ ಹಾಲು ಬಿಟ್ಟಿದ್ದಕ್ಕೆ.

ನೀವು ಹಾಲು ಬಿಡಬೇಕಾಗಿಲ್ಲ. ಉಕ್ಕಿ ಬರುವವರೆಗೆ ಕಾಯಿಸಿ, ಒಲೆ ಸಣ್ಣ ಮಾಡಿ ಇನ್ನೆರಡು ನಿಮಿಷ ಬಿಡಿ, ಸಾಕು. ಕಾಯಿಸಿದರೆ ಒಂದೆರಡು ವಿಟಮಿನ್ ಸ್ವಲ್ಪ ಕಮ್ಮಿಯಾಗುತ್ತವೆ. ಪ್ರೋಟೀನು, ಸುಣ್ಣದಂಶ, ಕೊಬ್ಬು ಎಲ್ಲಿಗೂ ಹೋಗುವುದಿಲ್ಲ. ಮೊಸರು, ಬೆಣ್ಣೆ ಮಾಡುವುದಿದ್ದರೂ ಕಾಯಿಸಿದ ಹಾಲಿನಿಂದಲೇ ಮಾಡಿ. ಗಿಣ್ಣದ ಹಾಲನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಿ. ನೊರೆಹಾಲು ಕುಡಿಯುವ ಅಭ್ಯಾಸ ಮನೆಯ ಗಂಡಸರಿಗಿದ್ದರೆ ಅದನ್ನೂ ಬಿಡಿಸಿ. ಈ ವಿಷಯ ಸೊಸೆ ಹೇಳುವುದಕ್ಕಿಂತ ನೀವು ಹೇಳಿದರೆ ಕೇಳುತ್ತಾರೆ.

ಪ್ರಶ್ನೆ: ಕಂದು ರೋಗ ಇದೆ ಅಂತ ಗೊತ್ತಾದ ಮೇಕೆಗೆ ಇಂಜೆಕ್ಷನ್ ಕೊಟ್ಟು ವಾಸಿ ಮಾಡಬಹುದಾ?
– ಕುಷ್ಟಗಿ

ಉತ್ತರ: ಬೇಡ. ರೋಗಾಣು ಜೀವಕೋಶದ ಒಳಗೆ ಅಡಗಿ ಕೂರುತ್ತದೆ. ದುಬಾರಿ ಔಷಧಿಯನ್ನು ವಾರಗಟ್ಟಲೆ ಕೊಟ್ಟರೂ ಪೂರ್ತಿ ಹೋಯಿತು ಅಂತ ಯಾರೂ ಬರೆದುಕೊಡಲಾರರು. ಹಾಗೆ ಬರೆದುಕೊಡುವವರು ಸಿಕ್ಕಿದರೆ ಅವರಿಂದ ದೂರ ಇರಿ.

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯವನು. ಸೌದಿಯಲ್ಲಿ ಕುರಿ ಫಾರಂನಲ್ಲಿ ಕೆಲಸ. ಇಲ್ಲಿ ಮರಿಗಳಿಗೆ ಕಂದು ರೋಗಕ್ಕೆ ಸೂಜಿ ಚುಚ್ಚಲ್ಲ ಮೇಡಂ, ಕಣ್ಣಿಗೆ ಒಂದು ಹನಿ ಬಿಡ್ತಾರೆ, ಮುಗೀತು. ಊರಿನಲ್ಲಿ ಅಪ್ಪ, ತಮ್ಮ ಸೇರಿ ಎಪ್ಪತ್ತು ಕುರಿ ಸಾಕಿದ್ದಾರೆ. ರಜೆಗೆ ಬರುವಾಗ ಒಂದು ಬಾಟಲಿ ತರಲಾ? ಬ್ಯಾಗಿನಲ್ಲಿ ಎಷ್ಟು ಜಾಗ ಬೇಕು ಅದಕ್ಕೆ?
– ರಿಯಾದ್‌ನಿಂದ

ಉತ್ತರ: ತಮ್ಮಾ, ಖರ್ಜೂರ ತಾ, ಅಪ್ಪನಿಗೆ ಒಂದು ಒಳ್ಳೆಯ ಕಂಬಳಿ ತಾ. ಈ ಬಾಟಲಿ ಮಾತ್ರ ತರಬೇಡ.

ನೀನು ನೋಡಿದ್ದು ರೆವ್-1. ಮೇಲೆ ಹಿರಿಯೂರಿನವರಿಗೆ ಹೇಳಿದೆನಲ್ಲ, ಅದೇ. ಕಣ್ಣಿಗೆ ಯಾಕೆ ಬಿಡುತ್ತಾರೆ ಅಂದರೆ, ಚರ್ಮದಡಿ ಚುಚ್ಚಿದಾಗ ಅದು ಮೈತುಂಬಾ ಓಡಾಡಿ ರಕ್ತದಲ್ಲಿ ಬಹಳ ಕಾಲ ಗುರುತು ಉಳಿಸುತ್ತದೆ. ಆಮೇಲೆ ರೋಸ್ ಬೆಂಗಾಲ್ ಪರೀಕ್ಷೆ ಮಾಡಿದರೆ ಲಸಿಕೆ ಹಾಕಿದ ಕುರಿಯೂ ಗಡ್ಡೆ ತೋರಿಸುತ್ತದೆ, ರೋಗದ ಕುರಿಯೂ ತೋರಿಸುತ್ತದೆ. ಯಾವುದು ಯಾವುದು ಅಂತ ತಿಳಿಯದೆ ಒದ್ದಾಡಬೇಕು. ಮೂರರಿಂದ ಆರು ತಿಂಗಳ ಮರಿಯ ಕಣ್ಣಿಗೆ ಹನಿ ಬಿಟ್ಟರೆ ಲಸಿಕೆ ತಲೆಯ ಭಾಗದ ಗ್ರಂಥಿಗಳಲ್ಲೇ ಹೆಚ್ಚಾಗಿ ನಿಲ್ಲುತ್ತದೆ. ರಕ್ಷಣೆ ಅಷ್ಟೇ ಸಿಗುತ್ತದೆ, ರಕ್ತದ ಗುರುತು ಕೆಲವೇ ತಿಂಗಳಲ್ಲಿ ಅಳಿಯುತ್ತದೆ. ಒಳ್ಳೆಯ ಉಪಾಯ, ಅಲ್ವಾ?

ಆದರೆ ಅಲ್ಲಿ ಹನಿ ಬಿಡುವವರ ಕೈಯಲ್ಲಿ ಗ್ಲೌಸ್, ಕಣ್ಣಿಗೆ ಕನ್ನಡಕ ಇತ್ತೋ ಇಲ್ಲವೋ ಗಮನಿಸಿದ್ದೀಯಾ? ಇರಲೇಬೇಕು. ರೆವ್-1 ಜೀವಂತ ಲಸಿಕೆ, ಎಸ್-19ಕ್ಕಿಂತ ಸ್ವಲ್ಪ ಜೋರಿನದು. ಹನಿ ನಿನ್ನ ಕಣ್ಣಿಗೆ ಸಿಡಿದರೆ, ಸೂಜಿ ಬೆರಳಿಗೆ ಚುಚ್ಚಿದರೆ ನಿನಗೇ ಕಂದು ರೋಗದ ಜ್ವರ ಬರಬಹುದು. ಆ ತಳಿ ಸ್ಟ್ರೆಪ್ಟೋಮೈಸಿನ್‌ಗೆ ಬಗ್ಗುವುದೂ ಇಲ್ಲ. ಕಂದು ರೋಗದ ಜ್ವರಕ್ಕೆ ಕೊಡುವ ಮುಖ್ಯ ಔಷಧಿಗಳಲ್ಲಿ ಅದೂ ಒಂದು. ಅಲ್ಲಿ ಕೆಲಸ ಮಾಡುವಾಗ ಹಾಗೇನಾದರೂ ಆದರೆ ಮುಚ್ಚಿಡಬೇಡ. ಚೆನ್ನಾಗಿ ತೊಳೆದುಕೊಂಡು ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಇಂಥ ಲಸಿಕೆ ಅಂತ ಹೆಸರು ಹೇಳು. ಬೇಕಿದ್ದರೆ ಖಾಲಿ ಬಾಟಲಿ ತೋರಿಸು.

ಇನ್ನು ಊರಿನ ಕುರಿಯ ಲೆಕ್ಕಕ್ಕೆ ಬಾ. ಈ ಲಸಿಕೆ ಎರಡರಿಂದ ಎಂಟು ಡಿಗ್ರಿ ತಣ್ಣಗೆ ಇರಬೇಕು. ಫಾರಂ ಬಿಟ್ಟಲ್ಲಿಂದ ಕಲಬುರಗಿಯ ನಿನ್ನ ಊರು ಸೇರುವವರೆಗೆ ಬ್ಯಾಗಿನಲ್ಲಿ ಅದು ಬದುಕಿರುತ್ತದಾ? ಬದುಕಿದರೆ ಇನ್ನೂ ಕಷ್ಟ. ಫಾರಂಗಳಲ್ಲಿ ಟಗರನ್ನು ಕಾಲ ನೋಡಿ ಬಿಡುತ್ತಾರೆ. ಅದಕ್ಕೇ ಮರಿ ಹಾಕುವ ಕಾಲ ಮುಗಿಯುವಾಗ ಇಲ್ಲವೇ ಟಗರು ಬಿಡುವ ಮೊದಲು ಇಡೀ ಮಂದೆಗೆ ಲಸಿಕೆ ಹಾಕಲು ಆಗುತ್ತದೆ. ನಮ್ಮಲ್ಲಿ ಟಗರು ವರ್ಷಪೂರ್ತಿ ಮಂದೆಯಲ್ಲೇ ಇರುತ್ತದೆ. ಯಾವ ದಿನ ನೋಡಿದರೂ ಒಂದಷ್ಟು ಕುರಿ ಗಬ್ಬ. ಗಬ್ಬದ ಕುರಿಗೆ ರೆವ್-1 ಬಿದ್ದರೆ ಅದೇ ಕಂದು ಹಾಕಿಸಬಹುದು, ಹಾಲಿನಲ್ಲೂ ಹೊರಬರಬಹುದು. ನಮ್ಮ ದೇಶಕ್ಕೆ ಪಶು ಲಸಿಕೆ ತರಲು ಸರ್ಕಾರದ ಪರವಾನಗಿ ಬೇಕು. ಜೀವಂತ ರೋಗಾಣುವನ್ನು ಯಾರಿಗೂ ತಿಳಿಯದಂತೆ ಬ್ಯಾಗಿನಲ್ಲಿ ಹಾಕಿಕೊಂಡು ಬರುವುದು ಅಪರಾಧವೂ ಹೌದು, ಅಪಾಯವೂ ಹೌದು. ನಮ್ಮಲ್ಲೂ ಮುಂದೆ ಈ ಲಸಿಕೆ ಬಂದರೆ ಮೊದಲು ಬದಲಾಗಬೇಕಾದದ್ದು ಟಗರು ಬಿಡುವ ಪದ್ಧತಿ. ಟಗರನ್ನು ಬೇರೆ ಕಟ್ಟಿ, ಗೊತ್ತಾದ ತಿಂಗಳಲ್ಲಿ ಬಿಡುವುದನ್ನು ಅಪ್ಪನಿಗೆ ಈಗಲೇ ಹೇಳಿಕೊಡು. ಮರಿಗಳೆಲ್ಲಾ ಒಟ್ಟಿಗೆ ಹುಟ್ಟಿದರೆ ಮಾರುವುದಕ್ಕೂ ಅನುಕೂಲ.

ನೀನು ಅಲ್ಲಿ ಕಲಿತ ಕೆಲಸ ಬಾಟಲಿಗಿಂತ ದೊಡ್ಡದು. ಹೊಸ ಕುರಿ ಬಂದರೆ ಬೇರೆ ಇಡುವುದು, ಕಿವಿಗೆ ಓಲೆ ಹಾಕಿ ದಾಖಲೆ ಬರೆಯುವುದು, ಹೆರಿಗೆಯ ಜಾಗವನ್ನು ತೊಳೆಯುವುದು, ಇವಕ್ಕೆ ಕಸ್ಟಮ್ಸ್‌ನವರ ತಡೆ ಇಲ್ಲ.

ಪ್ರಶ್ನೆ: ನನಗೆ 34 ವರ್ಷ. ಮೂರು ತಿಂಗಳಿಂದ ಸಂಜೆ ಆದರೆ ಜ್ವರ, ರಾತ್ರಿ ಅಂಗಿ ನೆನೆಯುವಷ್ಟು ಬೆವರು. ಸೊಂಟ ಹಿಡಿದುಕೊಂಡಿದೆ, ನಡೆಯುವುದೇ ಕಷ್ಟ. ಟೈಫಾಯ್ಡ್ ಅಂತ ಎರಡು ಸಲ ಔಷಧಿ ಕೊಟ್ಟರು. ಕುಡಿದಾಗ ಕಮ್ಮಿ, ಬಿಟ್ಟರೆ ಮತ್ತೆ ಅದೇ. ಒಂದು ಬೀಜವೂ ಊದಿಕೊಂಡಿದೆ, ಹೇಳಲು ನಾಚಿಕೆ. ಕುರಿಯಿಂದ ಇದು ಬಂದಿರಬಹುದಾ?
– ಬಾದಾಮಿ ತಾಲ್ಲೂಕು

ಉತ್ತರ: ಬಂದಿರಬಹುದು. ನಾನು ಪ್ರಾಣಿಗಳ ಡಾಕ್ಟರು, ನಿಮಗೆ ಔಷಧಿ ಬರೆಯುವಂತಿಲ್ಲ. ಆದರೆ ನೀವು ಬರೆದಿರುವ ಒಂದೊಂದು ಲಕ್ಷಣವೂ ಮನುಷ್ಯರ ಕಂದು ರೋಗದ್ದೇ. ಬೀಜ ಊದುವುದೂ ಅದರದೇ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಡಾಕ್ಟರಿಗೆ ಮೊದಲು ಹೇಳಬೇಕಾದದ್ದೇ ಅದನ್ನು.

ನಾಳೆಯೇ ತಾಲ್ಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಕೂತ ತಕ್ಷಣ ಜ್ವರ ಅನ್ನುವ ಮೊದಲು ಹೀಗೆ ಹೇಳಿ: "ಸಾರ್, ನಾನು ಕುರಿ ಸಾಕುತ್ತೇನೆ. ಮರಿ ಹಾಕಿಸಿದ್ದೇನೆ. ಬ್ರುಸೆಲ್ಲಾ ಪರೀಕ್ಷೆ ಮಾಡಿಸಬೇಕಾ ನೋಡಿ." ಹಸಿ ಹಾಲು ಕುಡಿದಿದ್ದರೆ, ಮಂದೆಯಲ್ಲಿ ಕಂದು ಹಾಕಿದ್ದರೆ ಅದನ್ನೂ ಹೇಳಿ. ಹೊರರೋಗಿ ವಿಭಾಗದಲ್ಲಿ ಡಾಕ್ಟರ ಮುಂದೆ ನೂರು ಜನ ಇರುತ್ತಾರೆ. ನಿಮ್ಮ ಕಸುಬು ಏನು ಅಂತ ಕೇಳಲು ಅವರಿಗೆ ಪುರುಸೊತ್ತಿರುವುದಿಲ್ಲ. ಬಾಯಿಬಿಟ್ಟು ನೀವೇ ಹೇಳಬೇಕು.

ಕಂದು ರೋಗವೇ ಅಂತ ಆದರೆ ಗುಣವಾಗುತ್ತದೆ, ಹೆದರಬೇಡಿ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧಿ ಸೇರಿಸಿ ಕೊಡುತ್ತಾರೆ. ಆರು ವಾರ ತೆಗೆದುಕೊಳ್ಳಬೇಕು, ಬೆನ್ನುಮೂಳೆಗೆ ಇಳಿದಿದ್ದರೆ ಇನ್ನೂ ಹೆಚ್ಚು. ಎರಡನೇ ವಾರಕ್ಕೆ ಜ್ವರ ಬಿಟ್ಟು ಹಸಿವಾಗಲು ಶುರುವಾಗುತ್ತದೆ. ಅಲ್ಲೇ ಎಲ್ಲರೂ ಮಾತ್ರೆ ನಿಲ್ಲಿಸುವುದು, ಅಲ್ಲೇ ಅದು ತಿರುಗಿ ಬರುವುದು. ಟೈಫಾಯ್ಡ್ ಔಷಧಿಗೆ ಅರ್ಧ ಬಗ್ಗಿ ಮತ್ತೆ ಎದ್ದಿದೆ ಅಂದಿರಲ್ಲ, ಆ ಚೀಟಿಗಳನ್ನೂ ಜೊತೆಗೆ ಒಯ್ಯಿರಿ. ಮನೆಯಲ್ಲಿ ಅದೇ ಹಾಲು ಕುಡಿದವರು, ಅದೇ ರೊಪ್ಪದಲ್ಲಿ ಕೆಲಸ ಮಾಡಿದವರು ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಬರುವಾಗ ದಾರಿಯಲ್ಲೇ ಪಶು ಆಸ್ಪತ್ರೆಗೂ ಹೋಗಿ ಮಂದೆಯ ಪರೀಕ್ಷೆಗೆ ಹೇಳಿಬನ್ನಿ. ನೀವು ವಾಸಿಯಾಗಿ, ಮಂದೆ ವಾಸಿಯಾಗದಿದ್ದರೆ ಮತ್ತೆ ಹತ್ತುತ್ತದೆ.

ಪ್ರಶ್ನೆ: ಅಮೀನಗಡದ ಸಂತೆಯಲ್ಲಿ ತಳಿಗೆ ಒಂದು ಟಗರು ತರಬೇಕು ಅಂತಿದ್ದೇವೆ. ಕಂದು ರೋಗ ಟಗರಿನಿಂದಲೂ ಬರುತ್ತದಂತೆ, ಹೌದಾ? ನೋಡಿ ತಿಳಿಯುವುದು ಹೇಗೆ?
– ಇಳಕಲ್

ಉತ್ತರ: ಹೌದು, ಬರುತ್ತದೆ. ಕೊಂಬು, ಎತ್ತರ, ಮೈಬಣ್ಣ ನೋಡಿದ ಮೇಲೆ ಹಿಂದಕ್ಕೆ ಹೋಗಿ ಎರಡೂ ಬೀಜಗಳನ್ನು ಕೈಯಲ್ಲಿ ಹಿಡಿದು ನೋಡಿ. ಎರಡೂ ಒಂದೇ ಗಾತ್ರ, ಗಟ್ಟಿಯಾಗಿ ನುಣುಪಾಗಿ ಇರಬೇಕು. ಕೆಳತುದಿಯಲ್ಲಿ ಗಂಟು, ಬಾವು, ಬಿಸಿ, ಒಂದು ದೊಡ್ಡದು ಒಂದು ಸಣ್ಣದು ಇದ್ದರೆ ಕೈಬಿಡಿ. ಆದರೆ ಬೀಜ ಸರಿಯಿದ್ದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ, ರಕ್ತ ಪರೀಕ್ಷೆ ಆಗಲೇಬೇಕು. ಸಂತೆಗಿಂತ, ಕಂದು ಹಾಕಿದ ಚರಿತ್ರೆ ಇಲ್ಲದ ಗೊತ್ತಿರುವ ಮಂದೆಯಿಂದ ತರುವುದು ವಾಸಿ. ಎಲ್ಲಿಂದ ತಂದರೂ ಒಂದು ತಿಂಗಳು ಬೇರೆ ಕಟ್ಟಿ. ಆ ತಿಂಗಳಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಹಾಗೇ ಹಿರೇಬೇನೆ ಲಸಿಕೆ ಆಗಿದೆಯಾ ಕೇಳಿ, ಇಲ್ಲದಿದ್ದರೆ ಹಾಕಿಸಿ. ಬೀಜಕ್ಕೆ ಟಗರನ್ನು ಊರೂರಿಗೆ ಬಾಡಿಗೆಗೆ ಕಳಿಸುವವರಿಂದ ಎರವಲು ತರಬೇಡಿ. ನಿಮ್ಮದನ್ನೂ ಕಳಿಸಬೇಡಿ.